ಪದಕ್ಕೆ ಫುಲ್ ಫಾರ್ಮ್ ಬೇಡ, ಅದರ ಊರು ಹೇಳಿ

ಸಂಪಾದಕರಿಗೆ ನಮಸ್ಕಾರ.

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷವಾಯಿತು. ಡಿಟಿಪಿ, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ಆನ್‌ಲೈನ್ ಅರ್ಜಿ ತುಂಬಿಕೊಡುವುದು ಎಲ್ಲಾ ಇದೆ. ನಿಮ್ಮ ಪತ್ರಿಕೆ ಅಂಗಡಿಗೆ ದಿನಾ ಬರುತ್ತದೆ. ಅದನ್ನು ನನಗಿಂತ ಜಾಸ್ತಿ ಓದುವವರು ಸರದಿಯಲ್ಲಿ ನಿಂತ ಹುಡುಗ ಹುಡುಗಿಯರು. ಅದರಲ್ಲೂ ಸೋಮವಾರದ ವಿದ್ಯಾರ್ಥಿ ಪುಟದ ಮೂಲೆಯಲ್ಲಿ ಇಂಗ್ಲಿಷ್ ಪದಗಳ ಅಂಕಣ ಬರುತ್ತದಲ್ಲ, ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳದೆ ಹೋಗುವವರು ಕಡಿಮೆ. ಕೆಲವರು ಎ ಫೋರ್ ಹಾಳೆಗೆ ದೊಡ್ಡದು ಮಾಡಿಸಿಕೊಂಡು ಹೋಗಿ ರೂಮಿನ ಗೋಡೆಗೆ ಅಂಟಿಸುತ್ತಾರೆ. ಅದಕ್ಕೇ ಈ ಪತ್ರ. ಗೋಡೆಗೆ ಅಂಟಿದ ತಪ್ಪನ್ನು ಕಿತ್ತು ಹಾಕುವುದು ಕಷ್ಟ.

ಮೂರು ವಾರದ ಹಿಂದೆ 'ನ್ಯೂಸ್' ಪದ ಹಾಕಿದಿರಿ. ನಾರ್ತ್, ಈಸ್ಟ್, ವೆಸ್ಟ್, ಸೌತ್, ಈ ನಾಲ್ಕು ದಿಕ್ಕಿನ ಮೊದಲ ಅಕ್ಷರ ಸೇರಿ ಆ ಪದ ಆಯಿತು ಅಂತ. ಅದರ ಮುಂದಿನ ವಾರ 'ಪಾಶ್'. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಿನಲ್ಲಿ ಬರುವ ಸಾಹುಕಾರರು ಬಿಸಿಲು ಬೀಳದ ಕಡೆ ಕೋಣೆ ಹಿಡಿಯುತ್ತಿದ್ದರಂತೆ, ಬರುವಾಗ ಎಡಗಡೆ, ಹೋಗುವಾಗ ಬಲಗಡೆ, 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಅಂತ ಟಿಕೆಟ್ ಮೇಲೆ ಮುದ್ರೆ ಒತ್ತುತ್ತಿದ್ದರಂತೆ, ಅದೇ ಪಾಶ್ ಆಯಿತಂತೆ. ಓದಲು ಚೆನ್ನಾಗಿದೆ. ಆದರೆ ಎರಡೂ ಕಟ್ಟುಕತೆ ಸ್ವಾಮಿ.

'ನ್ಯೂಸ್' ಅಂದರೆ 'ನ್ಯೂ' ಪದದ ಬಹುವಚನ, ಅಷ್ಟೇ. ಹೊಸವು. ಹೊಸ ಸಂಗತಿಗಳು. ಫ್ರೆಂಚರೂ ಸುದ್ದಿಗೆ 'ನೂವೆಲ್' ಅನ್ನುತ್ತಾರೆ, ಅದರ ಅರ್ಥವೂ ಹೊಸದು ಅಂತಲೇ. ಹಳೆಯ ಇಂಗ್ಲಿಷಿನಲ್ಲಿ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ ಇತ್ತು, ನಡುವೆ ಇನ್ನೊಂದು 'ಇ' ಸೇರಿಸಿ ಬರೆದವರೂ ಇದ್ದಾರೆ, ಹಾಗಾದರೆ ಅವರಿಗೆ ದಿಕ್ಕು ಐದಿತ್ತೇ? ಇನ್ನೂ ಒಂದು ಮಾತು. ನಾವು ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಅನ್ನುತ್ತೇವೆ, ಇಂಗ್ಲಿಷಿನವರು ನಾರ್ತ್ ಸೌತ್ ಈಸ್ಟ್ ವೆಸ್ಟ್ ಅನ್ನುತ್ತಾರೆ. ನಾರ್ತ್ ಆದಮೇಲೆ ಈಸ್ಟ್, ಆಮೇಲೆ ವೆಸ್ಟ್, ಕೊನೆಗೆ ಸೌತ್ ಅಂತ ಎಣಿಸುವ ಜನ ಯಾವ ಊರಲ್ಲಿದ್ದಾರೋ ನನಗಂತೂ ಗೊತ್ತಿಲ್ಲ.

ಪಾಶ್ ಕತೆಗೆ ಬೇಕಾದ ಮುದ್ರೆ ಇರುವ ಟಿಕೆಟ್ ಒಂದೇ ಒಂದು ಇವತ್ತಿನವರೆಗೂ ಸಿಕ್ಕಿಲ್ಲ. ಆಕ್ಸ್‌ಫರ್ಡ್ ನಿಘಂಟು ಈ ಕತೆಗೆ ಆಧಾರವಿಲ್ಲ ಅಂತ ಹೇಳಿ, ಮೂಲ ಸರಿಯಾಗಿ ತಿಳಿಯದು ಅಂತ ಒಪ್ಪಿಕೊಂಡು ಸುಮ್ಮನಾಗುತ್ತದೆ. ಅಷ್ಟು ದೊಡ್ಡ ನಿಘಂಟು ಗೊತ್ತಿಲ್ಲ ಅನ್ನುವಾಗ ನಾವು ನೀವು ಗೊತ್ತು ಅನ್ನೋದು ಹೇಗೆ?

ನಮ್ಮದು ಫುಲ್ ಫಾರ್ಮ್ ಜನ, ಅದು ನನಗೂ ಅರ್ಥವಾಗುತ್ತದೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಎಪಿಎಂಸಿ, ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಬಾಯಲ್ಲಿ ಇವೇ. ಪರೀಕ್ಷೆಯಲ್ಲೂ ಕೇಳುತ್ತಾರೆ. ಹಾಗಾಗಿ ಯಾವ ಪದ ಕಂಡರೂ ಅದಕ್ಕೊಂದು ಫುಲ್ ಫಾರ್ಮ್ ಇರಲೇಬೇಕು ಅನ್ನಿಸುತ್ತದೆ. ಆದರೆ ಮೊದಲ ಅಕ್ಷರಗಳನ್ನು ಕೂಡಿಸಿ ಒಂದು ಪದದ ಹಾಗೆ ಓದುವ ಚಾಳಿ ಇಂಗ್ಲಿಷಿನಲ್ಲಿ ಬೆಳೆದಿದ್ದು 20ನೇ ಶತಮಾನದಲ್ಲಿ. ಅಂಥ ಪದಗಳಿಗೆ 'ಅಕ್ರೊನಿಮ್' ಅಂತ ಹೆಸರು ಬಿದ್ದದ್ದೇ 1940ರ ಸುಮಾರಿಗೆ. ರೇಡಾರ್, ಲೇಸರ್, ಇವಕ್ಕೆ ನಿಜವಾಗಿಯೂ ಫುಲ್ ಫಾರ್ಮ್ ಇದೆ. ಮುನ್ನೂರು ನಾನೂರು ವರ್ಷ ಹಳೆಯ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ಅನುಮಾನ ಪಡಿ.

ನಾನೇನು ಸಾಚಾ ಅಲ್ಲ. 'ಪರೀಕ್ಷೆಗೆ ಬರುವ ಕಷ್ಟದ ಇಂಗ್ಲಿಷ್ ಪದಗಳು' ಅಂತ ಒಂದು ಮಾಸ್ಟರ್ ಕಾಪಿ ನನ್ನ ಅಂಗಡಿಯಲ್ಲಿ ವರ್ಷಗಟ್ಟಲೆ ಇದೆ. ಯಾರು ಬರೆದದ್ದೋ ಗೊತ್ತಿಲ್ಲ. ಕಾಪಿಯ ಕಾಪಿಯ ಕಾಪಿ. ಅಂಚಿನ ಅಕ್ಷರ ಅರ್ಧ ಅಳಿಸಿದೆ. ಅದರಲ್ಲೂ ನ್ಯೂಸ್ ದಿಕ್ಕಿನ ಕತೆ ಇದೆ, 'ಕಾಂಗರೂ ಅಂದರೆ ನನಗೆ ಗೊತ್ತಿಲ್ಲ ಅಂತ ಅರ್ಥ' ಅನ್ನುವ ಕತೆಯೂ ಇದೆ. (ಅದೂ ಸುಳ್ಳು. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಆಸ್ಟ್ರೇಲಿಯಾದ ಎಂಡೆವರ್ ನದಿ ಹತ್ತಿರ ನಿಂತಾಗ ಅಲ್ಲಿಯ ಗುಗು ಯಿಮಿದಿರ್ ಜನರಿಂದ ಕೇಳಿ ಬರೆದುಕೊಂಡ ಪದ ಅದು. ಅವರ ಭಾಷೆಯಲ್ಲಿ 'ಗಂಗುರು' ಅಂದರೆ ಒಂದು ಜಾತಿಯ ದೊಡ್ಡ ಕಾಂಗರೂನೇ.) ಹಾಳೆಗೆ ಎರಡು ರೂಪಾಯಿಯಂತೆ ಈ ಸುಳ್ಳುಗಳನ್ನೆಲ್ಲಾ ನಾನೇ ತಾಲ್ಲೂಕಿಗೆ ಹಂಚಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಹೊನ್ನವಳ್ಳಿ ಕಡೆಯ ಒಬ್ಬ ಹುಡುಗ. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಕರೆಂಟ್ ಹೋಗಿತ್ತು, ಅವನ ಕಾಪಿ ಮಷಿನ್ ಒಳಗೇ ಸಿಕ್ಕಿಕೊಂಡಿತ್ತು, ಬೆಂಚಿನ ಮೇಲೆ ಕೂತು ಆ ಪಟ್ಟಿ ಬಾಯಿಪಾಠ ಮಾಡುತ್ತಿದ್ದ. 'ಕೋಪ್ರಾ, ದಿ ಡ್ರೈಡ್ ಕರ್ನಲ್ ಆಫ್ ದಿ ಕೋಕನಟ್. ಕೋಪ್ರಾ, ದಿ ಡ್ರೈಡ್ ಕರ್ನಲ್ ಆಫ್ ದಿ ಕೋಕನಟ್.' ಐದಾರು ಸಲ ಹೇಳಿರಬೇಕು. ಆಮೇಲೆ ತಲೆ ಎತ್ತಿ, 'ಅಣ್ಣ, ಕರ್ನಲ್ ಅಂದ್ರೆ ಮಿಲಿಟರಿಯವರಲ್ವಾ? ಅವರನ್ನ ಯಾಕೆ ಒಣಗಿಸ್ತಾರೆ?' ಅಂದ.

ನಾನು ನಗಲಿಲ್ಲ. ನನಗೂ ಆ ಸಾಲು ಅಷ್ಟೇ ಕಂಡಿತ್ತು, ನೂರು ಸಲ ಕಾಪಿ ತೆಗೆದರೂ ಓದಿರಲಿಲ್ಲ. ಆದರೆ 'ಕೋಪ್ರಾ' ಅಂತ ಅವನ ಬಾಯಲ್ಲಿ ಕೇಳಿದ ಮೇಲೆ ಏನೋ ಹೊಳೆಯಿತು. ನಿಮ್ಮ ಮನೆ ಅಟ್ಟದ ಮೇಲೆ ಏನಿದೆಯೋ ಅಂತ ಕೇಳಿದೆ. 'ಕೊಬ್ಬರಿ' ಅಂದ. ಕೊಬ್ಬರಿ, ಕೋಪ್ರಾ, ಎರಡೂ ಜೋರಾಗಿ ಹೇಳು ಅಂದೆ. ಹೇಳಿದ. ಇನ್ನೊಂದು ಸಲ ಹೇಳಿದ. ಆಮೇಲೆ ಹಾಳೆ ನೋಡಿದ, ನನ್ನ ಮುಖ ನೋಡಿದ, 'ಥೂ' ಅಂದ.

ನಿಮ್ಮ ಪಟ್ಟಣದ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅದು ಉಂಡೆ ಕೊಬ್ಬರಿ, ತಿಪಟೂರು ಹೆಸರುವಾಸಿಯಾದದ್ದೇ ಅದಕ್ಕೆ. ಈ ಹುಡುಗ ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದ್ದಾನೆ. ಅವನ ಫೀಸು, ಬಟ್ಟೆ, ನನ್ನ ಜೆರಾಕ್ಸ್ ದುಡ್ಡು, ಎಲ್ಲಾ ಬಂದಿದ್ದು ಎಪಿಎಂಸಿ ಯಾರ್ಡಿನ ಹರಾಜಿನಿಂದ. ಆ ವಸ್ತುವನ್ನೇ ಅವನು ಯಾವುದೋ ವಿಲಾಯಿತಿ ಪದಾರ್ಥ ಅಂದುಕೊಂಡು ಗಿಣಿಪಾಠ ಮಾಡುತ್ತಿದ್ದ. ಮಲಯಾಳದ 'ಕೊಪ್ಪರ'ವನ್ನು ಪೋರ್ಚುಗೀಸರು ಕೇರಳದ ಕರಾವಳಿಯಲ್ಲಿ ಎತ್ತಿಕೊಂಡರು, ಅವರಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ಕೊಬ್ಬರಿ ಅದರ ಒಡಹುಟ್ಟು. ಪಟ್ಟಿಯಲ್ಲಿ ಇದೊಂದು ಸಾಲು ಇದ್ದಿದ್ದರೆ ಆ ಹುಡುಗ ಒಂದೇ ಸಲ ಓದಿ ಮುಂದಕ್ಕೆ ಹೋಗುತ್ತಿದ್ದ.

ಕರ್ನಲ್ ವಿಷಯಕ್ಕೆ ಬರೋಣ, ಅವನ ಪ್ರಶ್ನೆ ದಡ್ಡತನದ್ದಲ್ಲ. ಅವು ಎರಡು ಬೇರೆ ಪದ, ಉಚ್ಚಾರ ಮಾತ್ರ ಒಂದೇ. ತಿರುಳು ಅನ್ನುವ ಕರ್ನಲ್ ಅಚ್ಚ ಇಂಗ್ಲಿಷ್, 'ಕಾರ್ನ್' ಅಂದರೆ ಕಾಳು, ಅದರ ಪುಟ್ಟ ರೂಪ, ಕಿರುಗಾಳು ಅನ್ನಿ. ಮಿಲಿಟರಿ ಕರ್ನಲ್ ಇಟಲಿಯವನು. ದಂಡಿನ ಒಂದು ಸಾಲನ್ನು ನಡೆಸುವವನು 'ಕೊಲೊನೆಲ್ಲೊ', ಕಾಲಮ್ ಅನ್ನುವ ಪದವೇ ಅದರೊಳಗಿದೆ. ಫ್ರೆಂಚರ ಬಾಯಲ್ಲಿ ಮೊದಲ 'ಲ' ಹೋಗಿ 'ರ' ಆಯಿತು, 'ಕೊರೊನೆಲ್'. ಇಂಗ್ಲಿಷಿನವರು ಉಚ್ಚಾರವನ್ನು ಫ್ರಾನ್ಸಿನಿಂದ, ಕಾಗುಣಿತವನ್ನು ಇಟಲಿಯಿಂದ ತಂದು ಎರಡನ್ನೂ ಇಟ್ಟುಕೊಂಡರು. ಅದಕ್ಕೇ ಬರೆಯುವುದು 'ಕೊಲೊನೆಲ್', ಓದುವುದು 'ಕರ್ನಲ್'. ನಮ್ಮ ಮಕ್ಕಳು ಇದನ್ನು 'ಇಂಗ್ಲಿಷ್ ಅಂದರೆ ಹಾಗೇ, ಪ್ರಶ್ನೆ ಕೇಳಬಾರದು' ಅಂತ ನುಂಗಿಕೊಂಡಿದ್ದಾರೆ.

ಇದೆಲ್ಲಾ ನನಗೆ ಆವತ್ತೇ ಗೊತ್ತಿರಲಿಲ್ಲ, ಆಮೇಲೆ ಹುಡುಕಿದ್ದು. ಹುಡುಕುವ ಹುಚ್ಚು ಹಿಡಿದಿದ್ದು ಮಾತ್ರ ಅದಕ್ಕೂ ಮುಂಚೆ, ಒಂದು ದೊಡ್ಡ ಆರ್ಡರ್ ಬಂದಾಗ. ಯಾರೋ ಸಂಶೋಧನೆ ಮಾಡುವವರು ಒಂದು ಹಳೆಯ ನಿಘಂಟನ್ನು ಪೂರ್ತಿ ಕಾಪಿ ಮಾಡಿಸಿದರು. ಹೆಸರು 'ಹಾಬ್ಸನ್-ಜಾಬ್ಸನ್'. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅನ್ನುವ ಇಬ್ಬರು ಮಾಡಿದ್ದು, ನನಗೆ ಬಂದಿದ್ದು 1903ರ ಆವೃತ್ತಿ, ಸಾವಿರ ಪುಟಕ್ಕೂ ಜಾಸ್ತಿ. ಮೂರು ದಿನ ಹಿಡಿಯಿತು. ಮಷಿನ್ ಬಿಸಿಯಾದಾಗಲೆಲ್ಲಾ ನಿಲ್ಲಿಸುತ್ತಿದ್ದೆ, ನಿಲ್ಲಿಸಿದಾಗಲೆಲ್ಲಾ ಒಂದೊಂದು ಪುಟ ಓದುತ್ತಿದ್ದೆ. ಇಂಡಿಯಾದಲ್ಲಿದ್ದ ಇಂಗ್ಲಿಷಿನವರ ಬಾಯಿಗೆ ಸಿಕ್ಕ ನಮ್ಮ ಪದಗಳೆಲ್ಲಾ ಅದರಲ್ಲಿವೆ. ಆ ಹೆಸರೇ ಒಂದು ತಮಾಷೆ. ಮೊಹರಂ ಮೆರವಣಿಗೆಯಲ್ಲಿ 'ಯಾ ಹಸನ್, ಯಾ ಹುಸೇನ್' ಅಂತ ಕೂಗುತ್ತಾರಲ್ಲ, ಅದು ಗೋರಾ ಸೋಲ್ಜರ್‌ಗಳ ಕಿವಿಗೆ 'ಹಾಬ್ಸನ್ ಜಾಬ್ಸನ್' ಅಂತ ಬಿತ್ತಂತೆ.

ಅದರಲ್ಲಿ ನಾನು ಮೊದಲು ನಿಂತಿದ್ದು 'ಬ್ಯಾಂಡಿಕೂಟ್' ಹತ್ತಿರ. ನಮ್ಮ ಹೆಗ್ಗಣ. ಅದೇ ವಾರ ಅಂಗಡಿಯ ಹಿಂದಿನ ಗೋಡೆ ಕೊರೆದು ಎರಡು ರೀಮು ಹಾಳೆ ತಿಂದಿತ್ತು, ಹಾಗಾಗಿ ಆಸಕ್ತಿ ಜಾಸ್ತಿ. ಆ ಪದ ತೆಲುಗಿನ 'ಪಂದಿಕೊಕ್ಕು'. ಪಂದಿ ಅಂದರೆ ಹಂದಿ, ಕೊಕ್ಕು ಅಂದರೆ ಇಲಿ. ಹಂದಿಯಿಲಿ! ಹಳಗನ್ನಡದಲ್ಲಿ ನಾವೂ ಪಂದಿ ಅಂತಲೇ ಅನ್ನುತ್ತಿದ್ದೆವು, ಪಾಲು ಹೋಗಿ ಹಾಲು ಆದ ಹಾಗೆ, ಪೂ ಹೋಗಿ ಹೂ ಆದ ಹಾಗೆ ಪಂದಿ ಹಂದಿ ಆಯಿತು. ಇಷ್ಟು ತಿಳಿದ ಮೇಲೆ ಆ ಪದ ಮರೆಯಲು ಪ್ರಯತ್ನಪಟ್ಟರೂ ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹೊಟ್ಟೆಚೀಲದಲ್ಲಿ ಮರಿ ಇಟ್ಟುಕೊಳ್ಳುವ ಒಂದು ಪ್ರಾಣಿಗೂ ಇದೇ ಹೆಸರು ಅಂಟಿಸಿದ್ದಾರೆ. ಪಾಪ, ಅದಕ್ಕೂ ತೆಲುಗಿಗೂ ಏನು ಸಂಬಂಧ!

'ಮಂಗೂಸ್' ನೋಡಿ. ಮರಾಠಿಯ ಮುಂಗೂಸ್, ನಮ್ಮ ಮುಂಗುಸಿ. ಬಾತುಕೋಳಿ ಜಾತಿಯ 'ಗೂಸ್' ಅದರಲ್ಲಿಲ್ಲ, ಹಾಗಾಗಿ ಬಹುವಚನ 'ಮಂಗೂಸಸ್', 'ಮಂಗೀಸ್' ಅಲ್ಲ. ಇದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ, ಮೂಲ ಗೊತ್ತಿದ್ದವನಿಗೆ ಒಂದು ಮಾರ್ಕು ಪುಕ್ಕಟೆ. 'ಗನ್ನಿ ಬ್ಯಾಗ್' ಅಂದರೆ ಗೋಣಿ. 'ಅರೆಕಾ' ಅಂದರೆ ಅಡಿಕೆ. 'ಕ್ಯಾಟಮರಾನ್' ತಮಿಳಿನ ಕಟ್ಟುಮರಂ, ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಮಲ್ಲಿಗಟಾನಿ' ಅಂತ ದೊಡ್ಡ ಹೋಟೆಲಿನ ಮೆನುವಿನಲ್ಲಿ ಸೂಪು ಇರುತ್ತದೆ, ಅದು ತಮಿಳಿನ ಮಿಳಗು ತಣ್ಣೀರ್, ಮೆಣಸಿನ ನೀರು, ನಾವು ಜ್ವರ ಬಂದಾಗ ಮಾಡುವ ಮೆಣಸಿನ ಸಾರಿನ ಸಾಹುಕಾರ ತಮ್ಮ. 'ಜಿಂಜರ್' ಪದದ ಬಾಲದಲ್ಲಿ ನಮ್ಮ ದ್ರಾವಿಡ 'ವೇರ್', ಅಂದರೆ ಬೇರು, ಗ್ರೀಸು ರೋಮು ಎಲ್ಲಾ ಸುತ್ತಿ ಸವೆದು ಹೋಗಿ ಕೂತಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಿಮ್ಮ ಅಂಕಣ ಇನ್ನೊಂದು ಗುಂಡಿಗೆ ಬೀಳುತ್ತದೆ. ಎಲ್ಲಾ ಇಂಗ್ಲಿಷ್ ಪದವೂ ನಮ್ಮದೇ ಅನ್ನುವ ವಾಟ್ಸಾಪ್ ಪಂಡಿತರಿದ್ದಾರಲ್ಲ, ಅವರು ಫುಲ್ ಫಾರ್ಮ್‌ನವರಿಗಿಂತ ಜೋರು. 'ಬ್ಯಾಂಬೂ ಕನ್ನಡದ ಬಂಬು, ಹೆಮ್ಮೆಯಿಂದ ಶೇರ್ ಮಾಡಿ' ಅಂತ ನನಗೇ ನಾಲ್ಕು ಸಲ ಬಂದಿದೆ. ಹಾಬ್ಸನ್-ಜಾಬ್ಸನ್ ತೆಗೆದು ನೋಡಿದೆ. ಕನ್ನಡದ್ದು ಅಂತ ವಿಲ್ಸನ್ ಎಂಬ ವಿದ್ವಾಂಸ ಹೇಳಿದ್ದನ್ನು ಕೊಡುತ್ತದೆ ನಿಜ, ಆದರೆ ಅದಕ್ಕೂ ಮೊದಲು ಈ ಪದದ ಮೂಲ ತುಂಬಾ ಮಸುಕು ಅಂತ ಹೇಳಿಯೇ ಶುರು ಮಾಡುತ್ತದೆ. ಈಗಿನ ನಿಘಂಟುಗಳು ಮಲಯ ಭಾಷೆಯ ಕಡೆ ಕೈ ತೋರಿಸುತ್ತವೆ. ನಮ್ಮದಾಗಿದ್ದರೆ ಸಂತೋಷ. ಹಾಗಂತ ಸಂತೋಷವಾಗುತ್ತದೆ ಅಂತ ನಮ್ಮದು ಮಾಡಿಕೊಳ್ಳಲು ಆಗುತ್ತದಾ?

ಇನ್ನು 'ನೇಮ್' ಅಂದರೆ ನಾಮ, 'ಮದರ್' ಅಂದರೆ ಮಾತೃ, ಅದಕ್ಕೇ ಇಂಗ್ಲಿಷ್ ನಮ್ಮಿಂದ ಕದ್ದಿದ್ದು ಅನ್ನುವವರು. ಕದ್ದಿದ್ದಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮನೆಯಿಂದ ಬೇರೆಯಾದವು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದ, ಇಂಗ್ಲಿಷ್ ಕೂಡ ಆ ಮನೆಯದೇ. ಅವು ದಾಯಾದಿಗಳು. ಕೊಬ್ಬರಿ ಹೋಗಿದ್ದು ಕಡ, ನಾಮ ಅನ್ನೋದು ದಾಯಾದಿ ಸಂಬಂಧ, ಮುಂಗುಸಿಗೂ ಗೂಸ್‌ಗೂ ಇರುವುದು ಬರೀ ಬಸ್ಸಿನಲ್ಲಿ ಪಕ್ಕ ಕೂತ ಪರಿಚಯ. ಅದೂ ಅಲ್ಲದೆ ನಾಮ ನಾವೇ ಸಂಸ್ಕೃತದಿಂದ ತಂದುಕೊಂಡಿದ್ದು, ನಮ್ಮ ಸ್ವಂತದ್ದು ಹೆಸರು. ಪಾದ ಅವರದ್ದು, ಕಾಲು ನಮ್ಮದು.

ಕಾಲು ಅಂದಾಗ ನೆನಪಾಯಿತು. ಗ್ರೂಪ್ ಡಿ ಹುದ್ದೆಗೆ ಅರ್ಜಿ ತುಂಬಿಸಲು ಬರುವವರು 'ಪ್ಯೂನ್ ಕೆಲಸ ಅಣ್ಣ' ಅಂತ ಸಣ್ಣ ದನಿಯಲ್ಲಿ ಹೇಳುತ್ತಾರೆ. ಪ್ಯೂನ್ ಅನ್ನುವುದು ಪೋರ್ಚುಗೀಸರಿಂದ ಬಂದದ್ದು, ಮೂಲ ಲ್ಯಾಟಿನ್, ಅರ್ಥ ನಡೆದು ಹೋಗಿ ಯುದ್ಧ ಮಾಡುವ ಸೈನಿಕ. ಅಂದರೆ ಕಾಲಾಳು. ನಮ್ಮ ಕನ್ನಡ ಪದವೂ ಅಕ್ಷರಕ್ಕೆ ಅಕ್ಷರ ಅದೇ ಅರ್ಥ. ಚೆಸ್ಸಿನ 'ಪಾನ್' ಇದೇ ಪದ. ದಂಡಿಗೆ ಮುಂದೆ ಹೋಗಿ ದಾರಿ ಕಡಿದು ಕೊಡುತ್ತಿದ್ದ 'ಪಯೋನಿಯರ್' ಕೂಡ ಇದೇ ವಂಶ. ವಂಶ ಅನ್ನುವುದಕ್ಕೆ ಅವರ ಪದ 'ಪೆಡಿಗ್ರೀ', ಅದರಲ್ಲೂ ಕಾಲಿದೆ, ಹಳೆಯ ಫ್ರೆಂಚಿನಲ್ಲಿ 'ಕ್ರೌಂಚ ಹಕ್ಕಿಯ ಕಾಲು' ಅಂತ. ವಂಶವೃಕ್ಷ ಬರೆಯುವಾಗ ಒಬ್ಬರಿಂದ ಮೂರು ಗೆರೆ ಕವಲೊಡೆದು ಇಳಿಯುತ್ತವಲ್ಲ, ಅದು ಹಕ್ಕಿ ಹೆಜ್ಜೆಯ ಹಾಗೆ ಕಂಡಿತು ಅವರಿಗೆ. ಈಗ ನಾಯಿಮರಿ ಮಾರುವವರ ಬಾಯಲ್ಲಿ ಮಾತ್ರ ಆ ಪದ ಉಳಿದಿದೆ ಅನ್ನಿ.

ಯಾರೂ ಬಳಸದ ಪದ ಕಲಿತು ಏನು ಪ್ರಯೋಜನ ಅಂತ ಕೇಳುವವರು ಇದ್ದೇ ಇರುತ್ತಾರೆ. 2017ರ ಮೇ ತಿಂಗಳಲ್ಲಿ ಶಶಿ ತರೂರ್ ಒಂದು ಟ್ವೀಟಿನಲ್ಲಿ 'ಫರ್ರಾಗೊ' ಅಂತ ಬರೆದರು. ಇಡೀ ದೇಶ ನಿಘಂಟು ಹುಡುಕಿತು. ಗೊಂದಲದ ಕಲಬೆರಕೆ ಅಂತ ಎಲ್ಲರೂ ಅರ್ಥ ಬರೆದುಕೊಂಡರು, ಒಂದೇ ವಾರದಲ್ಲಿ ಮರೆತರು. ಮೂಲ ಯಾರೂ ಹೇಳಲಿಲ್ಲ. ಲ್ಯಾಟಿನ್ನಿನಲ್ಲಿ ಫರ್ರಾಗೊ ಅಂದರೆ ದನಕ್ಕೆ ಹಾಕುವ ಬೆರಕೆ ಮೇವು. ನಮ್ಮ ಮನೆಯ ಕಲಗಚ್ಚು! ಅಕ್ಕಿ ತೊಳೆದ ನೀರು, ನಿನ್ನೆಯ ಗಂಜಿ, ಹೀರೇಕಾಯಿ ಸಿಪ್ಪೆ, ಮೇಲೆ ಎರಡು ಬೊಗಸೆ ಬೂಸಾ, ಕೈ ಹಾಕಿ ಕಲಸಿದರೆ ಮೊಣಕೈವರೆಗೆ ಅಂಟುತ್ತದೆ. ಸುಳ್ಳುಗಳ ಫರ್ರಾಗೊ ಅಂದರೆ ಸುಳ್ಳುಗಳ ಕಲಗಚ್ಚು. ಇದಕ್ಕಿಂತ ಒಳ್ಳೆಯ ಅನುವಾದ ಬೇಕಾ? ಮೇವಿನ ಪದವನ್ನು ಬರಹಕ್ಕೆ ಬೈಯಲು ಬಳಸುವುದು ನಮಗೇನು ಹೊಸದಲ್ಲ. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದು, ರಾಜ್ಯವೆಲ್ಲಾ ಹೊತ್ತಿ ಉರಿದು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಲ್ಯಾಟಿನ್ನಿನಲ್ಲಿ ಹೇಳಿದ್ದರೆ ಬಚಾವಾಗುತ್ತಿದ್ದರೋ ಏನೋ.

ಮರುವರ್ಷ ತರೂರ್ ಅವರು ಇನ್ನೂ ಉದ್ದದ್ದು ಬಿಟ್ಟರು, 'ಫ್ಲೊಕ್ಸಿನಾಸಿನಿಹಿಲಿಪಿಲಿಫಿಕೇಶನ್'. ಇದನ್ನು ಬಾಯಿಪಾಠ ಮಾಡಿದವರಿಗೆ ನನ್ನ ಅಂಗಡಿಯಲ್ಲಿ ಒಂದು ಕಾಪಿ ಫ್ರೀ ಅಂತ ತಮಾಷೆಗೆ ಬರೆದು ಅಂಟಿಸಿದ್ದೆ, ಮೂರು ಜನ ಗೆದ್ದರು. ಗೆದ್ದವರೆಲ್ಲಾ ಒಡೆದು ಕಲಿತವರು. ಫ್ಲೊಕ್ಸಿ, ನಾಸಿ, ನಿಹಿಲಿ, ಪಿಲಿ, ನಾಲ್ಕು ಲ್ಯಾಟಿನ್ ಪದ, ನಾಲ್ಕಕ್ಕೂ ಹೆಚ್ಚು ಕಡಿಮೆ ಒಂದೇ ಅರ್ಥ: ಉಣ್ಣೆಯ ಎಳೆ, ಚಿಲ್ಲರೆ ವಸ್ತು, ಸೊನ್ನೆ, ಒಂದು ಕೂದಲು. ಇಂಗ್ಲೆಂಡಿನ ಶಾಲೆಯ ಲ್ಯಾಟಿನ್ ವ್ಯಾಕರಣದಲ್ಲಿ ಒಟ್ಟಿಗೆ ಪಟ್ಟಿಯಾಗಿದ್ದ ಪದಗಳನ್ನು ಯಾರೋ ಕೀಟಲೆಗೆ ಹೊಲಿದು ಇಟ್ಟಿದ್ದು. 1741ರ ಒಂದು ಪತ್ರದಲ್ಲೇ ಇದೆ. ಅರ್ಥ, ಹುಲ್ಲುಕಡ್ಡಿಗೆ ಸಮ ಅಂತ ತಳ್ಳಿಹಾಕುವುದು.

ಅಮೆರಿಕದ ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ ಅನ್ನುವ ಕಾಗುಣಿತದ ಸ್ಪರ್ಧೆ ಗೆದ್ದ ಭಾರತೀಯ ಮೂಲದ ಮಕ್ಕಳ ಫೋಟೋವನ್ನು ನೀವು ಸಾಮಾನ್ಯವಾಗಿ ಹಾಕುತ್ತೀರಿ. 1985ರಲ್ಲಿ ಬಾಲು ನಟರಾಜನ್ 'ಮಿಲ್ಯೂ' ಪದ ಹೇಳಿ ಮೊದಲು ಗೆದ್ದರು, ಅಲ್ಲಿಂದ ಶುರು. ಆ ಮಕ್ಕಳ ವಿಡಿಯೋ ನೋಡಿ. ಮೈಕಿನ ಮುಂದೆ ನಿಂತು ಕೇಳುವ ಪ್ರಶ್ನೆಗಳಲ್ಲಿ ಒಂದು ಇದ್ದೇ ಇರುತ್ತದೆ: ಈ ಪದ ಯಾವ ಭಾಷೆಯದು? ಸುಮ್ನೆ ಕೇಳುವುದಿಲ್ಲ. 'ಸಿ, ಎಚ್' ಒಟ್ಟಿಗೆ ಬಂದರೆ ಅಚ್ಚ ಇಂಗ್ಲಿಷ್ ಪದದಲ್ಲಿ ಅದು ಚ, ಚಿನ್, ಚೈಲ್ಡ್. ಗ್ರೀಕ್ ಮೂಲವಾದರೆ ಕ, ಕೋರಸ್, ಕ್ಯಾರೆಕ್ಟರ್. ಫ್ರೆಂಚಾದರೆ ಶ, ಶೆಫ್, ಮಷಿನ್. ನಮ್ಮ ಹುಡುಗರು 'ಚೆಫ್', 'ಚೋರಸ್' ಅಂತ ಓದಿ ಇಂಟರ್‌ವ್ಯೂನಲ್ಲಿ ನಗೆಪಾಟಲಾಗುವುದು ದಡ್ಡರಾಗಿದ್ದಕ್ಕಲ್ಲ, ಪದದ ಊರು ಯಾರೂ ಹೇಳಿಕೊಡದೆ ಇದ್ದುದಕ್ಕೆ.

ಕತೆಯೇ ಬೇಕು, ಓದುಗರಿಗೆ ರಂಜನೆ ಇರಬೇಕು ಅಂದರೆ ನಿಜವಾದ ಕತೆಗಳಿಗೇನು ಬರ? ಕೆಲವು ಪದಕ್ಕೆ ಹುಟ್ಟಿದ ತಾರೀಕೇ ಇದೆ. 'ಸೆರೆಂಡಿಪಿಟಿ', ಹುಡುಕದೆ ಸಿಕ್ಕ ಭಾಗ್ಯ. 1754ರ ಜನವರಿ 28ರಂದು ಹೊರೇಸ್ ವಾಲ್‌ಪೋಲ್ ಎಂಬಾತ ಒಬ್ಬ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಹುಟ್ಟಿತು. ಸೆರೆಂದಿಪ್ ದೇಶದ ಮೂವರು ರಾಜಕುಮಾರರ ಹಳೆಯ ಕತೆ ಅವನ ತಲೆಯಲ್ಲಿತ್ತು. ಸೆರೆಂದಿಪ್ ಅಂದರೆ ಶ್ರೀಲಂಕಾ, ಅರಬರು ಪರ್ಷಿಯನ್ನರು ಕರೆಯುತ್ತಿದ್ದ ಹೆಸರು, ಅದರ ಹಿಂದೆ ಇರುವುದು ಸಿಂಹಳದ್ವೀಪ. ಆ 'ಡಿಪ್' ನಮ್ಮ ದ್ವೀಪ. ಇನ್ನು ಮೊದಲ ಮಳೆ ಬಿದ್ದ ಕೂಡಲೇ ಹುಡುಗಿಯರೆಲ್ಲಾ ಸ್ಟೇಟಸ್ ಹಾಕುವ 'ಪೆಟ್ರಿಕೋರ್'. ಅದು ಹುಟ್ಟಿದ್ದು 1964ರಲ್ಲಿ, ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕಟ್ಟಿದ್ದು. ಗ್ರೀಕಿನಲ್ಲಿ ಪೆಟ್ರಾ ಅಂದರೆ ಕಲ್ಲು, ಈಕೋರ್ ಅಂದರೆ ದೇವತೆಗಳ ಮೈಯಲ್ಲಿ ಹರಿಯುವ ರಕ್ತ. ಆ ವಾಸನೆಯನ್ನು ಕನೌಜಿನವರು ಮಿಟ್ಟಿ ಅತ್ತರು ಅಂತ ಶೀಶೆಯಲ್ಲಿ ತುಂಬಿ ಮಾರುತ್ತಾರೆ. 'ಡಿಸಾಸ್ಟರ್' ಅಂದರೆ ಕೆಟ್ಟ ನಕ್ಷತ್ರ. ನಾವು ಗ್ರಹಚಾರ ಅನ್ನುತ್ತೇವೆ, ಅವರಿಗೂ ಮೇಲಿನವರ ಮೇಲೇ ಅನುಮಾನ.

ನನ್ನ ಅಂಗಡಿ ಬೋರ್ಡಿನ ಮೇಲಿರುವ ಪದವನ್ನೂ ಹೇಳಿಬಿಡುತ್ತೇನೆ. ಜೆರಾಕ್ಸ್ ಗ್ರೀಕಿನ 'ಜೀರೋಸ್'ನಿಂದ ಬಂತು. ಒಣಗಿದ್ದು ಅಂತ ಅರ್ಥ. ಮುಂಚೆ ನಕಲು ತೆಗೆಯಬೇಕಾದರೆ ರಾಸಾಯನಿಕದ ನೀರಿನಲ್ಲಿ ಅದ್ದಬೇಕಿತ್ತು. 1938ರಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತ ನೀರಿಲ್ಲದೆ, ಬರೀ ಪುಡಿಯಿಂದ ನಕಲು ತೆಗೆದು ತೋರಿಸಿದ. ಒಣ ಬರಹ. ಹಾಗೆ ನೋಡಿದರೆ ನಾನೂ ಆ ಹುಡುಗನ ಅಪ್ಪನೂ ಇಬ್ಬರೂ ಒಣಗಿಸಿದ ಮಾಲನ್ನೇ ಮಾರಿ ಬದುಕುವವರು.

ಇದಕ್ಕೆಲ್ಲಾ ನಿಮಗೆ ಖರ್ಚೇನೂ ಇಲ್ಲ. ಪದಗಳ ಮೂಲ ಹೇಳುವ ಎಟಿಮ್‌ಆನ್‌ಲೈನ್ ಜಾಲತಾಣ ಪುಕ್ಕಟೆ ಸಿಗುತ್ತದೆ. ಹಾಬ್ಸನ್-ಜಾಬ್ಸನ್ ಅಂತರ್ಜಾಲದಲ್ಲಿ ಪೂರ್ತಿ ಇದೆ. ಕಿಟ್ಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟೂ ಇದೆ. ಜಿ. ವೆಂಕಟಸುಬ್ಬಯ್ಯನವರು ಕನ್ನಡ ಪದಗಳ ಬಗ್ಗೆ ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಟ್ಟರು, ಒಂದೊಂದು ಪದಕ್ಕೂ ಆಧಾರ ಹುಡುಕಿ. ಇಂಗ್ಲಿಷ್ ಪದಕ್ಕೂ ಅಷ್ಟೇ ಮರ್ಯಾದೆ ಕೊಡಿ ಅಂತ ನನ್ನ ಬೇಡಿಕೆ. ವಾರಕ್ಕೆ ಐದು ಪದ ಹಾಕುವ ಬದಲು ಎರಡೇ ಹಾಕಿ. ಅರ್ಥದ ಪಕ್ಕ ಅದು ಎಲ್ಲಿಂದ ಹೊರಟು ಯಾರ ಯಾರ ಬಾಯಿ ದಾಟಿ ಬಂತು ಅಂತ ಎರಡು ಸಾಲು. ಕನ್ನಡದಲ್ಲಿ ಅದರ ನೆಂಟರು ಇದ್ದರೆ ಅವರ ಹೆಸರು. ಮೂಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಅಚ್ಚು ಹಾಕಿ, ಹುಡುಗರು ಏನೂ ಅಂದುಕೊಳ್ಳುವುದಿಲ್ಲ.

ನನ್ನ ಪಾಲಿನ ಪ್ರಾಯಶ್ಚಿತ್ತ ಶುರು ಮಾಡಿದ್ದೇನೆ. ಆ ಹಳೆಯ ಮಾಸ್ಟರ್ ಕಾಪಿ ತೆಗೆದು ಬಿಸಾಕಿದೆ. ಹೊಸದು ಟೈಪ್ ಮಾಡುತ್ತಿದ್ದೇನೆ, ಎಂಬತ್ತು ಪದ ಮುಗಿದಿದೆ. ಮೊದಲ ಸಾಲಿನಲ್ಲೇ ಕೊಬ್ಬರಿ ಇದೆ. ಹಳೆಯದನ್ನು ಒಯ್ದವರು ಅದನ್ನು ತಂದು ತೋರಿಸಿದರೆ ಹೊಸದಕ್ಕೆ ದುಡ್ಡಿಲ್ಲ.

ಪತ್ರ ಮುಗಿಸುವ ಹೊತ್ತಿಗೆ ಈ ಸೋಮವಾರದ ಪುಟ ಮತ್ತೆ ನೋಡಿದೆ. ಕೆಳಗಡೆ ಸಣ್ಣ ಅಕ್ಷರದಲ್ಲಿ 'ಮುಂದಿನ ವಾರ: ಹೋಟೆಲಿನಲ್ಲಿ ಕೊಡುವ ಟಿಪ್, ಇದರ ಪೂರ್ಣ ರೂಪ ನಿಮಗೆ ಗೊತ್ತೇ?' ಅಂತ ಹಾಕಿದ್ದೀರಿ. 'ಟು ಇನ್ಶೂರ್ ಪ್ರಾಂಪ್ಟ್‌ನೆಸ್' ಅಂತ ಬರೆಯಲು ಹೊರಟಿದ್ದೀರಿ ಅಂತ ನನ್ನ ಅಂದಾಜು. ಇನ್ಶೂರ್ ಅಂದರೆ ವಿಮೆ ಸ್ವಾಮಿ, ಖಾತ್ರಿ ಮಾಡಿಕೊಳ್ಳುವುದಕ್ಕೆ ಎನ್ಶೂರ್ ಅನ್ನಬೇಕು, ಹಾಗೆ ಬರೆದರೆ ಅದು 'ಟೆಪ್' ಆಗುತ್ತದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಕಳ್ಳಕಾಕರ ಗುಪ್ತ ಮಾತಿನಲ್ಲಿ ಟಿಪ್ ಅಂದರೆ 'ಕೊಡು' ಅಂತ ಇತ್ತು, ಅಷ್ಟೇ. ಪುಟ ಅಚ್ಚಿಗೆ ಹೋಗುವುದು ಶನಿವಾರ ಇರಬೇಕು ಅಲ್ವಾ? ಈ ಪತ್ರ ಇವತ್ತೇ ಇಮೇಲ್ ಮಾಡುತ್ತಿದ್ದೇನೆ.

ಇತಿ,
ನಿಮ್ಮ ಓದುಗ, ಒಬ್ಬ ಜೆರಾಕ್ಸ್ ಅಂಗಡಿಯವ
ತಿಪಟೂರು